ಮೊಬೈಲ್ ಸಂಖ್ಯೆಗೆ ಬರಿಯ ಹ್ಯಾಶ್ ಸಾಲದು

ಕಲಬುರಗಿ ಗಂಜ್‌ನ ಅಡತ್ ಅಂಗಡಿಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆಯುವ ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: “ಸರ್, ರೈತರ ಮೊಬೈಲ್ ನಂಬರ್ ಹ್ಯಾಶ್ ಮಾಡಿಟ್ರ ಸಾಕಲ್ಲೇನ್ರಿ?” ಹ್ಯಾಶ್ ಎಂದರೆ ಯಾವುದೇ ಮಾಹಿತಿಯನ್ನು ನಿಗದಿತ ಉದ್ದದ ಗುರುತಾಗಿ ಬದಲಿಸುವ, ಹಿಂದಕ್ಕೆ ತಿರುಗಿಸಲಾಗದ ಲೆಕ್ಕ. ಅಷ್ಟೇ ಸಾಲದು ಎಂಬುದು ನನ್ನ ಖಚಿತ ಉತ್ತರ.

ರಹಸ್ಯ ಕೀಲಿಯಿಂದ ಗೂಢರೂಪಕ್ಕೆ ತಿರುಗಿಸಿದ, ಅಂದರೆ ಎನ್‌ಕ್ರಿಪ್ಟ್ ಮಾಡಿದ ಮಾಹಿತಿಯನ್ನು ಆ ಕೀಲಿ ಇದ್ದವರು ಮರಳಿ ಓದಬಹುದು. ತೊಗರಿಯ ಹಣ ಜಮಾ ಮಾಡುವಾಗ ರೈತರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಓದಲೇಬೇಕಾದುದರಿಂದ, ಅದಕ್ಕೆ 2001ರಲ್ಲಿ ಅಮೆರಿಕದ ಮಾನಕವಾದ ಎಇಎಸ್ ಎಂಬ ಎನ್‌ಕ್ರಿಪ್ಟ್ ವಿಧಾನ ತಕ್ಕದ್ದು. ಎಸ್‌ಎಚ್‌ಎ-256ರಂಥ ಹ್ಯಾಶ್‌ಗೆ ಕೀಲಿಯಿಲ್ಲ. ಒಂದಕ್ಷರ ಕೊಟ್ಟರೂ ಇಡೀ ಕಡತ ಕೊಟ್ಟರೂ ಅದು 256 ಬಿಟ್‌ಗಳನ್ನೇ ಕೊಡುತ್ತದೆ, ಅವುಗಳಿಂದ ಮೂಲವನ್ನು ಲೆಕ್ಕ ಹಾಕಿ ತೆಗೆಯುವ ದಾರಿ ಯಾರಿಗೂ ತಿಳಿದಿಲ್ಲ.

ಗುಮಾಸ್ತರ ಪಾಸ್‌ವರ್ಡ್ ಹೊಂದುತ್ತದೆಯೇ ಎಂದಷ್ಟೇ ನೋಡಬೇಕಾದುದರಿಂದ ಅಲ್ಲಿ ಹ್ಯಾಶ್ ಸರಿ. 2013ರಲ್ಲಿ ಅಡೋಬಿಯಿಂದ ಸೋರಿಕೆಯಾದ ಪಾಸ್‌ವರ್ಡ್‌ಗಳು ಹ್ಯಾಶ್ ಆಗಿರದೆ ಒಂದೇ ಕೀಲಿಯಿಂದ ಎನ್‌ಕ್ರಿಪ್ಟ್ ಆಗಿದ್ದವು; ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರಿಗೆಲ್ಲ ಒಂದೇ ಗೂಢರೂಪ ಬಂದಿತ್ತು, ಬಳಕೆದಾರರು ಬರೆದಿಟ್ಟ ಸುಳಿವುಗಳು ಪಕ್ಕದಲ್ಲೇ ಬಯಲಾಗಿದ್ದುದರಿಂದ ಊಹೆ ಸುಲಭವಾಯಿತು. ಪ್ರತಿ ಪಾಸ್‌ವರ್ಡ್‌ಗೂ ಬೇರೆ ಸಾಲ್ಟ್ (ಯಾದೃಚ್ಛಿಕವಾಗಿ ಆರಿಸಿದ ಅಕ್ಷರಗಳ ಗುಂಪು) ಬೆರೆಸಿ, ಬೇಕೆಂದೇ ನಿಧಾನವಾಗಿ ಕೆಲಸ ಮಾಡುವ ಬಿಕ್ರಿಪ್ಟ್ ಅಥವಾ ಆರ್ಗಾನ್2 ಎಂಬ ಹ್ಯಾಶ್ ವಿಧಾನ ಬಳಸುವುದು ಇಂಥದ್ದನ್ನು ತಡೆಯಲೆಂದೇ.

ಆದರೆ ಮೊಬೈಲ್ ಸಂಖ್ಯೆಯ ಕಥೆ ಬೇರೆ. ಹ್ಯಾಶನ್ನು ಹಿಂದಕ್ಕೆ ತಿರುಗಿಸಲಾಗದಿದ್ದರೂ, ಸಾಧ್ಯವಿರುವ ಸಂಖ್ಯೆಗಳನ್ನೆಲ್ಲ ಹ್ಯಾಶ್ ಮಾಡಿ ಹೋಲಿಸುವುದನ್ನು ಯಾರೂ ತಡೆಯಲಾರರು. 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಸೆಕೆಂಡಿಗೆ ನೂರಾರು ಕೋಟಿ ಎಸ್‌ಎಚ್‌ಎ-256 ಮಾಡಬಲ್ಲ ಇಂದಿನ ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನೂ ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತದೆ. ಆಧಾರ್ ಸಂಖ್ಯೆಯೂ ಸುರಕ್ಷಿತವಲ್ಲ: ಮೊದಲ ಅಂಕಿ 0 ಅಥವಾ 1 ಆಗುವುದಿಲ್ಲ, ಕೊನೆಯದು ತಾಳೆ ನೋಡುವ ಅಂಕಿ, ಹಾಗಾಗಿ ಉಳಿಯುವುದು 8000 ಕೋಟಿ ಸಾಧ್ಯತೆ ಮಾತ್ರ. ಸಾಲ್ಟ್ ಅದೇ ಕೋಷ್ಟಕದಲ್ಲಿದ್ದರೆ, ಕದ್ದವರ ಕೈಗೆ ಅದೂ ಸಿಕ್ಕಿರುತ್ತದೆ. (ಆಧಾರ್ ಬೇಕೇ ಇಲ್ಲದ ಕಡೆ ಅದನ್ನು ಕೇಳಲೇಬಾರದೆಂಬುದು ನನ್ನ ಹಟ.)

ಆದ್ದರಿಂದ ನಾವು ಮೊಬೈಲ್ ಸಂಖ್ಯೆಯನ್ನು ಎನ್‌ಕ್ರಿಪ್ಟ್ ಮಾಡಿ ಇಡುತ್ತೇವೆ. ಸಂಖ್ಯೆ ಒತ್ತಿದರೆ ರೈತರ ಖಾತೆ ತೆರೆಯಬೇಕಾದುದರಿಂದ, ಹುಡುಕಾಟಕ್ಕಾಗಿ ರಹಸ್ಯ ಕೀಲಿ ಸೇರಿಸಿ ಮಾಡುವ ಎಚ್‌ಮ್ಯಾಕ್ ಹ್ಯಾಶ್ ಇನ್ನೊಂದು ಕಾಲಮ್‌ನಲ್ಲಿರುತ್ತದೆ. ಆ ಕೀಲಿ ತಿಳಿಯದವರು 400 ಕೋಟಿ ಸಂಖ್ಯೆಗಳನ್ನು ಪ್ರಯತ್ನಿಸಿದರೂ ಫಲವಿಲ್ಲ. ಎರಡೂ ಕೀಲಿಗಳು ಡೇಟಾಬೇಸ್ ಇರುವ ಯಂತ್ರದಲ್ಲಿರುವುದಿಲ್ಲ, ಅದರ ಬ್ಯಾಕಪ್‌ನಲ್ಲಂತೂ ಇರಲೇಕೂಡದು.