ಯುದ್ಧ ಎಲ್ಲಿ ಅಂದ ಹುಡುಗ, ರೆಕಾರ್ಡ್ ಎಲ್ಲಿ ಅಂದ ಶಿರಸ್ತೇದಾರರು

ಜೋನ್ ಆಫ್ ಆರ್ಕ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಕುದುರೆ, ಉಕ್ಕಿನ ಕವಚ, ಕೈಯಲ್ಲೊಂದು ಬಾವುಟ. ಡೆನ್ಮಾರ್ಕಿನ ಕಾರ್ಲ್ ಥಿಯೊಡೋರ್ ಡ್ರೆಯರ್ 1928ರಲ್ಲಿ ಮಾಡಿದ ‘ದ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ ಸಿನಿಮಾದಲ್ಲಿ ಈ ಮೂರೂ ಇಲ್ಲ. ಇದು ನಮ್ಮ ಭಾವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ‘ಸೈನ್ಯ ನಡೆಸಿದ ಹಳ್ಳಿ ಹುಡುಗಿಯ ಕಥೆ, ಭಾನುವಾರ ಸಂಜೆ ನಮ್ಮ ಮಹಡಿ ಮೇಲೆ, ಕಾಫಿ ಬಜ್ಜಿ ಇದೆ’ ಅಂತ ಹಾಕಿಬಿಟ್ಟಿದ್ದರು. ಹೊಸದಾಗಿ ಪ್ರೊಜೆಕ್ಟರ್ ಕೊಂಡವರ ಹುರುಪು ಹಾಗೇ ಇರುತ್ತದೆ.

ಬಂದವರು ಜಾಸ್ತಿ ಏನಿಲ್ಲ. ಭಾವನ ತಾಯಿ, ಅಂದ್ರೆ ನಮ್ಮೆಲ್ಲರ ಅಜ್ಜಿ. ಅಕ್ಕ, ಅವಳ ಪಿಯುಸಿ ಓದುವ ಮಗ. ಎದುರುಮನೆಯ ಶಿರಸ್ತೇದಾರರು, ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬೀದಿಗೆಲ್ಲ ಈಗಲೂ ಶಿರಸ್ತೇದಾರರೇ. ಮೂಲೆಮನೆಯ ಮಿಸ್; ಕಾನ್ವೆಂಟಿನಲ್ಲಿ ಪಾಠ ಮಾಡಿದವರು, ಪ್ರತಿ ಭಾನುವಾರ ಚರ್ಚಿಗೆ ತಪ್ಪದವರು. ಜೊತೆಗೆ ಹವ್ಯಾಸಿ ನಾಟಕ ಮಾಡುವ ನನ್ನ ಗೆಳತಿ. ಸಿನಿಮಾ ಮೂಕಿ. ನಡುನಡುವೆ ಬರುವ ಮಾತಿನ ಫಲಕಗಳನ್ನು ಅಜ್ಜಿಗಾಗಿ ಕನ್ನಡದಲ್ಲಿ ಗಟ್ಟಿಯಾಗಿ ಓದುವ ಕೆಲಸ ನನ್ನ ಪಾಲಿಗೆ ಬಂತು. ನಾನು ಈ ಸಿನಿಮಾ ಮೊದಲೇ ನೋಡಿದ್ದೆ. ಹಾಗಾಗಿ ಓದುವುದು ಬಿಟ್ಟರೆ ಉಳಿದ ಹೊತ್ತೆಲ್ಲ ನೋಡುವವರ ಮುಖಗಳನ್ನೇ ನೋಡುತ್ತಾ ಕೂತೆ.

ಶುರುವಿಗೆ ಮುಂಚೆ ಭಾವ ಚಿಕ್ಕದಾಗಿ ಹಿನ್ನೆಲೆ ಹೇಳಿದರು. ಫ್ರಾನ್ಸಿನ ದೊಂರೆಮಿ ಅನ್ನೋ ಹಳ್ಳಿಯ ರೈತನ ಮಗಳು. ಓದು ಬರಹ ಬಾರದು. ದೇವರ ಕಡೆಯ ದನಿಗಳು ಕೇಳಿಸುತ್ತವೆ ಅಂತ ಹೊರಟವಳು 1429ರ ಮೇ ತಿಂಗಳಲ್ಲಿ ಓರ್ಲಿಯಾನ್ಸ್ ಪಟ್ಟಣಕ್ಕೆ ಇಂಗ್ಲಿಷರು ಹಾಕಿದ್ದ ಮುತ್ತಿಗೆ ಮುರಿದಳು. ಅದೇ ಜುಲೈನಲ್ಲಿ ರಾಜನಿಗೆ ರಾನ್ಸ್ ನಗರದಲ್ಲಿ ಪಟ್ಟಾಭಿಷೇಕ ಮಾಡಿಸಿದಳು. ಮರುವರ್ಷ ಸೆರೆಸಿಕ್ಕಳು. ಹಿಡಿದವರು ದುಡ್ಡು ತೆಗೆದುಕೊಂಡು ಇಂಗ್ಲಿಷರಿಗೆ ಒಪ್ಪಿಸಿದರು. ರುವಾ ಊರಿನಲ್ಲಿ ಚರ್ಚಿನ ಹೆಸರಲ್ಲಿ ವಿಚಾರಣೆ ಶುರುವಾಯಿತು. ಅಲ್ಲಿಗೆ ಭಾವ ನಿಲ್ಲಿಸಿದರು. ಕೊನೆ ಹೇಳಲಿಲ್ಲ. ಮಿಸ್ ಒಬ್ಬರಿಗೆ ಗೊತ್ತಿತ್ತು, ಅವರೂ ಸುಮ್ಮನಿದ್ದರು.

ಮೊದಲ ದೃಶ್ಯದಲ್ಲಿ ಒಂದು ಕೈ ಹಳೆಯ ಹಸ್ತಪ್ರತಿಯ ಪುಟಗಳನ್ನು ಮಗುಚುತ್ತದೆ. ಅದು ಆ ವಿಚಾರಣೆಯ ದಾಖಲೆ. ಅಲ್ಲಿನ ಪ್ರಶ್ನೋತ್ತರಗಳನ್ನು ಇಟ್ಟುಕೊಂಡೇ ಸಿನಿಮಾ ಕಟ್ಟಿದ್ದು ಅಂತ ಓದಿದೆ. ಶಿರಸ್ತೇದಾರರು ಕುರ್ಚಿಯಲ್ಲಿ ನೆಟ್ಟಗಾದರು.

“ಎಷ್ಟು ವರ್ಷದ ರೆಕಾರ್ಡಮ್ಮ ಅದು?”

“1431ರದ್ದು ಸರ್.”

“ಉಳಿಸ್ಕೊಂಡಿದ್ದಾರಲ್ಲ! ನಮ್ಮಲ್ಲಿ ಹತ್ತು ವರ್ಷ ಆದ್ರೆ ಗೆದ್ದಲು.”

ಆಮೇಲೆ ಅವರು ಬಜ್ಜಿ ತಟ್ಟೆ ಮುಟ್ಟಲೇ ಇಲ್ಲ.

ಹುಡುಗನ ಅಸಮಾಧಾನ ಹತ್ತು ನಿಮಿಷಕ್ಕೇ ಹೊರಬಂತು. “ಚಿಕ್ಕಮ್ಮ, ಯುದ್ಧ ಎಲ್ಲಿ? ಬರೀ ಮುಖ ತೋರಿಸ್ತಿದ್ದಾರೆ.” ಅವನ ಮಾತು ಸುಳ್ಳಲ್ಲ. ಗೋಡೆ ತುಂಬ ಒಂದೊಂದೇ ಮುಖ. ನ್ಯಾಯಾಧೀಶರ ಸುಕ್ಕು, ಗುಳ್ಳೆ, ತುಟಿಯ ಎಂಜಲು ಎಲ್ಲ ಕಾಣುತ್ತದೆ. ಯಾರಿಗೂ ಮೇಕಪ್ ಇಲ್ಲ. ಹಿಂದೆ ಬೋಳು ಬಿಳಿ ಗೋಡೆ. ಈ ಸಿನಿಮಾಕ್ಕಾಗಿ ದೊಡ್ಡ ದುಡ್ಡು ಸುರಿದು ಕಾಂಕ್ರೀಟಿನಲ್ಲಿ ಕೋಟೆ, ಗೋಪುರ ಎಲ್ಲ ಕಟ್ಟಿಸಿದ್ದರು. ಆದರೆ ಡ್ರೆಯರ್ ಅದನ್ನು ಸರಿಯಾಗಿ ತೋರಿಸಲೇ ಇಲ್ಲ. ದುಡ್ಡು ಹಾಕಿದವರ ಹೊಟ್ಟೆ ಎಷ್ಟು ಉರಿದಿರಬೇಕು! ಭಾವ ಇದನ್ನು ಹೇಳಿದಾಗ ಹುಡುಗ, “ಮತ್ತೆ ಅದನ್ನಾದ್ರೂ ತೋರಿಸ್ಬಾರ್ದಿತ್ತಾ?” ಅಂದ.

ಅಜ್ಜಿಗೆ ಮುಖಗಳ ತಕರಾರಿರಲಿಲ್ಲ. ಅವರ ತಕರಾರು ಸೌಂಡಿನದು. “ಸೌಂಡ್ ಹಾಕಪ್ಪ” ಅಂತ ಮಗನಿಗೆ ಹೇಳಿದರು. ಡ್ರೆಯರ್ ಇದಕ್ಕೆ ಇದೇ ಸಂಗೀತ ಅಂತ ಯಾವುದನ್ನೂ ಗೊತ್ತುಮಾಡಿರಲಿಲ್ಲ. ಮುಂದೆ ಬೇರೆ ಬೇರೆಯವರು ತಮಗೆ ತೋಚಿದ ಸಂಗೀತ ಕೂಡಿಸಿದರು. ಭಾವ ಮಾತ್ರ ಹಟದಿಂದ ಏನೂ ಇಲ್ಲದೆ ಹಾಕಿದ್ದರು. ಹಾಗಾಗಿ ನಮಗೆ ಫ್ಯಾನಿನ ಕಿರ್ ಕಿರ್, ಪಕ್ಕದ ಮನೆಯ ಕುಕ್ಕರ್, ನನ್ನ ಓದು ಇಷ್ಟೇ. ಒಂದು ಕಡೆ ಜೋನಳ ಮುಖದ ಮೇಲೆ ನೊಣ ಕೂರುತ್ತದೆ. ಅದು ನಿಜವಾದ ನೊಣ, ಚಿತ್ರೀಕರಣದಲ್ಲಿ ತಾನಾಗೇ ಬಂದು ಕೂತಿದ್ದು. “ಗೋಡೆ ಮೇಲೆ ನೊಣ ಕೂತಿದೆ, ಓಡಿಸೋ” ಅಂತ ಅಜ್ಜಿ ಮೊಮ್ಮಗನಿಗೆ ಹೇಳಿದರು. ಅಷ್ಟರಲ್ಲಿ ಜೋನಳೇ ಕೈಯಿಂದ ಅದನ್ನು ಓಡಿಸಿದಳು. ಅಜ್ಜಿ “ಅಯ್ಯೋ” ಅಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಲ್ಲಿಂದ ಮುಂದೆ ಸೌಂಡ್ ಕೇಳಲಿಲ್ಲ.

ವಿಚಾರಣೆ ಏರತೊಡಗಿದಾಗ ಮಹಡಿಯ ಮೇಲೆ ಸಿನಿಮಾ ಎರಡಾಯಿತು ಅನ್ನಬೇಕು. ಗೋಡೆಯ ಮೇಲೆ ಒಂದು, ಶಿರಸ್ತೇದಾರರ ಕುರ್ಚಿಯಲ್ಲಿ ಇನ್ನೊಂದು. ಆರೋಪಿಗೆ ವಕೀಲರಿಲ್ಲ, ಅದು ಅವರ ಮೊದಲ ಟಿಪ್ಪಣಿ. ಒಬ್ಬರ ಪ್ರಶ್ನೆ ಮುಗಿಯುವ ಮೊದಲೇ ಇನ್ನೊಬ್ಬರು ಕೇಳುತ್ತಾರೆ, ಇದು ಎರಡನೆಯದು. ಮಿಕಾಯೇಲ ದೇವದೂತ ನಿನಗೆ ಕಂಡಾಗ ಬಟ್ಟೆ ಹಾಕಿದ್ದನೋ ಇಲ್ಲವೋ ಅಂತ ಕೇಳುತ್ತಾರೆ. ಅವನಿಗೆ ತೊಡಿಸಲು ದೇವರ ಹತ್ತಿರ ಬಟ್ಟೆ ಇಲ್ಲ ಅಂದುಕೊಂಡಿರಾ ಅಂತಾಳೆ ಜೋನ್. ಶಿರಸ್ತೇದಾರರು ತೊಡೆ ತಟ್ಟಿದರು. “ನಿನ್ನ ಮೇಲೆ ದೇವರ ಕೃಪೆ ಇದೆಯಾ?” ಅನ್ನುವ ಪ್ರಶ್ನೆ ಬಂದಾಗ ಮಾತ್ರ ಕೈಯೆತ್ತಿ, “ತಡಿಯಮ್ಮ, ಉತ್ತರ ಓದಬೇಡ” ಅಂದರು. “ಹೌದು ಅಂದ್ರೆ ಅಹಂಕಾರದ ಮಾತು, ಅದೇ ಅಪರಾಧ. ಇಲ್ಲ ಅಂದ್ರೆ ಒಪ್ಪಿಕೊಂಡ ಹಾಗೆ. ಎರಡು ಕಡೆಯಿಂದ್ಲೂ ಬಾಗಿಲು ಹಾಕಿದ್ದಾನೆ.” ಭಾವ ಸಿನಿಮಾ ನಿಲ್ಲಿಸಿ ಮತ್ತೆ ಹಚ್ಚಿದರು. ಇದ್ದರೆ ದೇವರು ಹಾಗೇ ಇಟ್ಟಿರಲಿ, ಇಲ್ಲದಿದ್ದರೆ ಕೊಡಲಿ ಅನ್ನೋ ಅರ್ಥದ ಉತ್ತರ. ಹುಡುಗಿಯ ಈ ಉತ್ತರ ಕೇಳಿ ಪ್ರಶ್ನೆ ಹಾಕಿದವರೇ ದಂಗಾದರು ಅಂತ ಅಂದು ಬರೆದುಕೊಳ್ಳುತ್ತಿದ್ದ ಗುಮಾಸ್ತನೊಬ್ಬ ಎಷ್ಟೋ ವರ್ಷದ ಮೇಲೆ ಸಾಕ್ಷಿ ಹೇಳಿದ್ದಾನೆ. ನಮ್ಮ ಶಿರಸ್ತೇದಾರರೂ ದಂಗಾದರು. “ಯಾವ ವಕೀಲ ಹೇಳಿಕೊಟ್ಟ ಇದನ್ನ?” ಅಂದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಅಜ್ಜಿಯ ಗಮನ ಬಟ್ಟೆಯ ಮೇಲೇ ನಿಂತಿತ್ತು. ಗಂಡಸರ ಉಡುಪು ಯಾಕೆ ತೊಟ್ಟಿದ್ದೀಯ, ಬಿಡ್ತೀಯೋ ಇಲ್ವೋ ಅಂತ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಾರಲ್ಲ. “ನಮ್ಮ ಅಕ್ಕಮಹಾದೇವಿಗೂ ಕಲ್ಯಾಣದಲ್ಲಿ ಮೊದಲು ಕೇಳಿದ್ದು ಬಟ್ಟೆ ವಿಷಯಾನೇ” ಅಂದರು. ಸೀರೆ ಬಿಟ್ಟವಳು ಕೂದಲಲ್ಲಿ ಯಾಕೆ ಮೈ ಮುಚ್ಚಿಕೊಂಡಿದ್ದೀಯ ಅಂತ ಅಲ್ಲಮಪ್ರಭು ಕೇಳಿದ್ದು, ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆ ಬಣ್ಣ ಬಿಡೋದಿಲ್ಲ ಅಂತ ಅಕ್ಕ ಹೇಳಿದ್ದು, ಎಲ್ಲ ಅವರಿಗೆ ಬಾಯಿಪಾಠ. “ಆದ್ರೆ ಅಲ್ಲಿ ಕೇಳಿದವರು ಒಳಗೆ ಕರ್ಕೊಳ್ಳೋಕೆ ಕೇಳಿದ್ದು. ಇವರ ಮುಖ ನೋಡು, ಮೊದಲೇ ಬರೆದಿಟ್ಕೊಂಡು ಕೂತಿದ್ದಾರೆ.” ಫ್ರಾನ್ಸಿನ ಚರಿತ್ರೆಯ ಒಂದಕ್ಷರ ತಿಳಿಯದ ಅಜ್ಜಿ ಹೇಳಿದ ಈ ಮಾತು, ನಾನು ಈ ಸಿನಿಮಾದ ಬಗ್ಗೆ ಓದಿದ ಎಷ್ಟೋ ಮೆಚ್ಚುಗೆಗಳಿಗಿಂತ ನನಗೆ ಹೆಚ್ಚು ಹಿಡಿಸಿತು. ನಮಗೆ ಆಕೆ ಸಂತಳು ಅಂತ ಮೊದಲೇ ಗೊತ್ತು. ಗೊತ್ತಿರೋದರಿಂದ ಅವಳ ಕಣ್ಣೀರನ್ನು ಭಕ್ತಿ ಅಂತ ನೋಡಿಬಿಡುತ್ತೇವೆ. ಅಜ್ಜಿ ನೋಡಿದ್ದು ಗದರುವ ಗಂಡಸರ ನಡುವೆ ಸಿಕ್ಕಿಕೊಂಡ ಒಂದು ಹುಡುಗಿಯನ್ನು. ಡ್ರೆಯರ್ ಕವಚ, ಕುದುರೆ ಎಲ್ಲ ತೆಗೆದುಹಾಕಿದ್ದು ಇದಕ್ಕೇ ಅಂತ ನನಗನ್ನಿಸುತ್ತದೆ.

ನನ್ನ ಗೆಳತಿಯ ಲೋಕವೇ ಬೇರೆ. ಜೋನಳ ಪರ ಕರುಣೆ ತೋರುವ ಎಳೆಯ ಪಾದ್ರಿಯ ಮುಖ ಬಂದದ್ದೇ “ಏಯ್, ಇದು ಆರ್ತೋ!” ಅಂತ ಎದ್ದುನಿಂತಳು. ಆಂಟೊನಿನ್ ಆರ್ತೋ ನಾಟಕದವರೆಲ್ಲ ಓದುವ ಹೆಸರು. ಅವನ ಬರಹದ ಬಗ್ಗೆ ಗಂಟೆಗಟ್ಟಲೆ ಮಾತಾಡುವವಳಿಗೆ ಅವನು ಇಷ್ಟು ಚೆಂದದ ಹುಡುಗ ಅಂತ ಗೊತ್ತೇ ಇರಲಿಲ್ಲವಂತೆ. ಜೋನ್ ಆಗಿದ್ದ ಫಾಲ್ಕೊನೆಟ್ಟಿಯೂ ರಂಗಭೂಮಿಯವಳೇ. ಡ್ರೆಯರ್ ಅವಳನ್ನು ಮೊದಲು ನೋಡಿದ್ದು ಒಂದು ಹಗುರ ಹಾಸ್ಯ ನಾಟಕದಲ್ಲಿ. ಈ ಸಿನಿಮಾ ಆದಮೇಲೆ ಅವಳು ಮತ್ತೆ ಕ್ಯಾಮರಾ ಮುಂದೆ ಬರಲಿಲ್ಲ.

ಹಿಂಸೆಯ ಯಂತ್ರ ತೋರಿಸಿ ಹೆದರಿಸುವಾಗ ಜೋನ್ ಎಚ್ಚರ ತಪ್ಪಿ ಬೀಳುತ್ತಾಳೆ. ಜ್ವರ ಇಳಿಸಲು ಕೈಯ ನರ ಚುಚ್ಚಿ ರಕ್ತ ತೆಗೆಯುತ್ತಾರೆ. ಕೈ ಬದಲಿ ನಟರೊಬ್ಬರದು, ಆದರೆ ಚಿಮ್ಮುವುದು ನಿಜವಾದ ರಕ್ತ. ಆಗ ನಾನು ಹಿಂದೆ ತಿರುಗಿ ನೋಡಿದೆ. ಯುದ್ಧ ಬೇಕು ಅಂದಿದ್ದ ಹುಡುಗ ದಿಂಬಿನಲ್ಲಿ ಮುಖ ಹುದುಗಿಸಿದ್ದ.

ಅದಾದ ಮೇಲೆ ಅವಳು ಸಹಿ ಹಾಕುತ್ತಾಳೆ. ದನಿಗಳು, ದೇವರ ಅಪ್ಪಣೆ ಎಲ್ಲ ಸುಳ್ಳು ಅಂತ ಒಪ್ಪುವ ಕಾಗದಕ್ಕೆ. ಸುತ್ತ ನಿಂತವರು ಬದುಕಿಕೋ ಅಂತ ಒತ್ತಾಯ ಮಾಡುತ್ತಾರೆ, ಕೈ ಹಿಡಿದು ಬರೆಸುತ್ತಾರೆ. ಸರಿಯಾಗಿ ಅಲ್ಲಿಗೆ ಕರೆಂಟು ಹೋಯಿತು.

ಆವತ್ತಿನ ನಿಜವಾದ ಚರ್ಚೆ ನಡೆದದ್ದು ಆ ಕತ್ತಲಲ್ಲಿ. ಅಕ್ಕ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. “ಒಳ್ಳೇದಾಯ್ತು, ಹಾಕಲಿ ಬಿಡಿ. ಹತ್ತೊಂಬತ್ತು ವರ್ಷದ ಮಗು. ಸಹಿ ಹಾಕಿ ಮನೆಗೆ ಹೋಗಲಿ” ಅಂದಳು. ಗೆಳತಿಗೆ ಸಿಟ್ಟು. “ಅಷ್ಟು ಹೋರಾಡಿ ಈಗ ಒಪ್ಪೋದಾ?” ಅಕ್ಕನ ದನಿ ಏರಿತು. “ನಿನಗೆ ಮಕ್ಕಳಾಗಲಿ, ಆಮೇಲೆ ಹೇಳು.” ಶಿರಸ್ತೇದಾರರು ಬಲವಂತದ ಹೇಳಿಕೆ ಯಾವ ಕೋರ್ಟಿನಲ್ಲೂ ನಿಲ್ಲಬಾರದು ಅಂತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಹುಡುಗ ಮೊಬೈಲ್ ಟಾರ್ಚ್ ಹಚ್ಚಿ ಮಿಸ್ ಕಡೆ ತಿರುಗಿಸಿದ. “ಮಿಸ್, ನಿಮಗೆ ಗೊತ್ತಲ್ವಾ? ಬಿಡ್ತಾರಾ?”

“ಕರೆಂಟ್ ಬರಲಿ ಕಣಪ್ಪ” ಅಂದರು ಅವರು.

ಕರೆಂಟು ಬಂತು. ಬಿಡಲಿಲ್ಲ. ಜೀವ ಉಳಿಸಿ ಆಜೀವ ಸೆರೆ ಅಂತ ತೀರ್ಪು. “ಸಹಿ ಹಾಕಿಸ್ಕೊಂಡು ಜೈಲಾ!” ಅಂತ ಅಜ್ಜಿ ಕೂಗಿದರು. ಅವಳ ತಲೆ ಬೋಳಿಸುತ್ತಾರೆ. ನಟಿಯ ಕೂದಲನ್ನು ನಿಜವಾಗಿಯೇ ಕತ್ತರಿಸಿದ್ದು. ಉದುರಿದ ಕೂದಲ ಜೊತೆ, ಅವಳೇ ಹುಲ್ಲಿನಲ್ಲಿ ಹೆಣೆದಿದ್ದ ಪುಟ್ಟ ಕಿರೀಟವನ್ನೂ ಕಸದಂತೆ ಗುಡಿಸುತ್ತಾರೆ. ಅದನ್ನು ನೋಡಿದವಳು ನ್ಯಾಯಾಧೀಶರನ್ನು ಕರೆಸಿ, ಒಪ್ಪಿದ್ದು ಸುಳ್ಳು, ಜೀವಭಯಕ್ಕೆ ಹೇಳಿದೆ ಅಂತಾಳೆ. ಅಕ್ಕ ಎದ್ದು ಕಾಫಿ ಮಾಡುವ ನೆಪ ಹೇಳಿ ಕೆಳಗೆ ಹೋದಳು. ಜೋನಳನ್ನು ಜೀವಂತ ಸುಡುವ ದೃಶ್ಯ ಮುಗಿಯುವವರೆಗೂ ಮೇಲೆ ಬರಲಿಲ್ಲ. ಕಾಫಿಯೂ ಬರಲಿಲ್ಲ.

ಸಿನಿಮಾ ಮುಗಿದ ಮೇಲೆ ಎಲ್ಲರೂ ಮಿಸ್ ಏನು ಹೇಳುತ್ತಾರೆ ಅಂತ ಕಾಯುತ್ತಿದ್ದಂತಿತ್ತು. ಪಾದ್ರಿಗಳನ್ನು ಇಷ್ಟು ಕೆಟ್ಟದಾಗಿ ತೋರಿಸಿದ್ದಕ್ಕೆ ಬೇಜಾರಾಗಿರಬೇಕು ಅಂತ ಭಾವನಿಗೆ ಮುಜುಗರ. ಅವರ ಮುಜುಗರಕ್ಕೆ ಕಾರಣವೂ ಇತ್ತು. ಫ್ರಾನ್ಸಿನಲ್ಲೇ ಇದು ತೆರೆಗೆ ಬಂದಾಗ ಚರ್ಚಿನವರು, ಸೆನ್ಸಾರಿನವರು ಸೇರಿ ಕತ್ತರಿ ಆಡಿಸಿದ್ದರು. ಇಂಗ್ಲಿಷ್ ಸೈನಿಕರು ಅವಳನ್ನು ಗೇಲಿ ಮಾಡುವ ದೃಶ್ಯಗಳಿಗಾಗಿ ಬ್ರಿಟನ್ನಿನಲ್ಲಿ ನಿಷೇಧ ಬಿತ್ತು. ಮಿಸ್ ಮಾತ್ರ ತಣ್ಣಗೆ, “ಬೇಜಾರು ಇದೆ. ಆದ್ರೆ ಸುಳ್ಳು ಅಂತ ಹೇಗೆ ಹೇಳಲಿ? 1456ರಲ್ಲಿ ಆ ತೀರ್ಪು ತಪ್ಪು ಅಂತ ಚರ್ಚೇ ರದ್ದು ಮಾಡ್ತು. 1920ರಲ್ಲಿ ಅವಳನ್ನ ಸಂತಳು ಅಂತ ಸಾರಿದ್ದೂ ಚರ್ಚೇ” ಅಂದರು. ಆಮೇಲೆ ಸ್ವಲ್ಪ ತಡೆದು, “ನಮ್ಮ ಸ್ಕೂಲಿನ ಪಟದಲ್ಲಿ ಕತ್ತಿ ಹಿಡ್ಕೊಂಡು ನಗ್ತಿದ್ಲು. ಆ ಪಟ ನನಗೆ ಇಷ್ಟ ಇತ್ತು” ಅಂದರು.

ಭಾವ ವಾತಾವರಣ ತಿಳಿಮಾಡಲು ಸಿನಿಮಾದ ರೀಲಿನ ಕಥೆ ಶುರುಮಾಡಿದರು. ಬೆಂಕಿಯಲ್ಲಿ ಸತ್ತವಳ ಸಿನಿಮಾವೂ ಬೆಂಕಿಗೇ ಆಹುತಿ. ಮೂಲ ನೆಗೆಟಿವ್ 1928ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಸುಟ್ಟುಹೋಯಿತು. ಡ್ರೆಯರ್ ಬೇಡವೆಂದು ಪಕ್ಕಕ್ಕಿಟ್ಟಿದ್ದ ತುಣುಕುಗಳನ್ನು ಜೋಡಿಸಿ ಇನ್ನೊಂದು ಆವೃತ್ತಿ ಮಾಡಿದ, ಅದಕ್ಕೂ ಬೆಂಕಿ ಬಿತ್ತು. 1981ರಲ್ಲಿ ನಾರ್ವೆಯ ಓಸ್ಲೊ ಬಳಿಯ ಒಂದು ಮನೋರೋಗ ಆಸ್ಪತ್ರೆಯಲ್ಲಿ, ಸಾಮಾನು ತುಂಬುವ ಕಪಾಟಿನಲ್ಲಿ, ಮೂಲ ಆವೃತ್ತಿಯ ಪ್ರತಿ ಸಿಕ್ಕಿತು. ನಾವು ನೋಡಿದ್ದು ಅದರಿಂದ ಬಂದದ್ದೇ. ಅಲ್ಲಿಗೆ ಹೇಗೆ ಹೋಯ್ತು ಅಂತ ಹುಡುಗ ಕೇಳಿದ ಪ್ರಶ್ನೆಗೆ ಭಾವನ ಹತ್ತಿರ ಉತ್ತರ ಇರಲಿಲ್ಲ. ಅವನ ಅಂತಿಮ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. “ಚೆನ್ನಾಗಿತ್ತು. ಆದ್ರೆ ಇನ್ನೊಂದ್ಸಲ ನೋಡಲ್ಲ.” ಮುಂದಿನ ಸಲ ಯುದ್ಧ ಇರೋದನ್ನೇ ಹಾಕಬೇಕು ಅಂತ ಅಪ್ಪನ ಹತ್ತಿರ ಮಾತು ತಗೊಂಡ.

ಶಿರಸ್ತೇದಾರರು ಮೆಟ್ಟಿಲಿಳಿಯುವಾಗ ನನ್ನನ್ನು ಕರೆದು, ಆ ರೆಕಾರ್ಡ್ ಇಂಗ್ಲಿಷಿನಲ್ಲಿ ಸಿಗುತ್ತಾ ಅಂತ ಕೇಳಿದರು. ಸಿಗುತ್ತದೆ ಅಂದೆ. ಪ್ರಿಂಟ್ ಹಾಕಿಸಿಕೊಡಮ್ಮ, ಎರಡೂ ಬದಿಗೆ ಹಾಕಿಸು, ಬಲಗಡೆ ಜಾಸ್ತಿ ಜಾಗ ಬಿಡಿಸು ಅಂದರು. ಹಾಕಿಸಿಕೊಟ್ಟೆ. ಈಗ ದಿನಕ್ಕೊಂದು ಫೋನು. ಚರ್ಚಿನ ಕೇಸು ಅಂದಮೇಲೆ ಚರ್ಚಿನ ಸೆರೆಮನೆಯಲ್ಲಿ ಹೆಂಗಸರ ಕಾವಲಿನಲ್ಲಿ ಇಡಬೇಕಿತ್ತು, ಇಂಗ್ಲಿಷ್ ಸಿಪಾಯಿಗಳ ಕೈಗೆ ಯಾಕೆ ಕೊಟ್ಟರು ಅನ್ನುವುದು ಮೊನ್ನೆಯ ತಕರಾರು. ಇವತ್ತು ಬೆಳಗ್ಗೆ ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೇ ಫೋನ್ ಬಂತು.

“ಅಮ್ಮಾ, ಪೋಪ್ ಹತ್ರ ಕರ್ಕೊಂಡು ಹೋಗಿ ಅಂತ ಕೇಳಿದಾಳೆ ಕಣಮ್ಮ ಆ ಹುಡುಗಿ! ಬಾಯಿಬಿಟ್ಟು ಕೇಳಿದಾಳೆ, ರೆಕಾರ್ಡಲ್ಲಿದೆ. ಪೋಪ್ ದೂರ ಇದ್ದಾರೆ ಅಂದ್ಬಿಟ್ರಂತೆ. ಅಪೀಲಿಗೇ ಬಿಡಲಿಲ್ಲ. ನಿನ್ನ ಸಿನಿಮಾದವನು ಇದನ್ನ ಯಾಕಮ್ಮ ದೊಡ್ಡದಾಗಿ ತೋರಿಸ್ಲಿಲ್ಲ?”