ಗೇಣಗಲದ ರಟ್ಟು

ಇವತ್ತು ಹಗ್ಗದಿಂದ ಇಳಿದ ರಾಶಿಯಲ್ಲಿ 14 ಟಿ-ಶರ್ಟು, 5 ಅಂಗಿ, 4 ಪ್ಯಾಂಟು, 6 ಟವೆಲು, ಸುತ್ತಲೂ ಇಲಾಸ್ಟಿಕ್ ಇರುವ ಒಂದು ಬೆಡ್‌ಶೀಟು. ಉಳಿದದ್ದೆಲ್ಲ ಕಾಲುಚೀಲ. ಮಡಚಲು ಕೂರುವ ಮೊದಲು ಕೈಗೆ ತೆಗೆದುಕೊಳ್ಳಬೇಕಾದದ್ದು ಅಳತೆ ಟೇಪು. ಚೆನ್ನಾಗಿ ಮಡಚಿಟ್ಟ ಬಟ್ಟೆ ಎರಡೇ ದಿನಕ್ಕೆ ಕಪಾಟಿನಲ್ಲಿ ಕಲಸಿಹೋದರೆ ಎಲ್ಲರೂ ಕೈಯನ್ನು ದೂರುತ್ತಾರೆ, ಆದರೆ ತಪ್ಪು ಅಳತೆಯದ್ದು. ಒಂದು ಅಂಗಿ 20 ಸೆಂ.ಮೀ. ಅಗಲ, ಅದರ ಮೇಲಿನದು 27, ಅದರ ಮೇಲಿನದು 22 ಆದರೆ ಆ ಸಾಲು ವಾಲದೆ ಇರುವುದು ಹೇಗೆ? ಮಡಿಕೆಯ ಅಗಲವನ್ನು ಅಂಗಿ ನೋಡಿ ಗೊತ್ತುಮಾಡಬಾರದು, ಅದು ಹೋಗಿ ಕೂರುವ ಜಾಗ ನೋಡಿ ಗೊತ್ತುಮಾಡಬೇಕು.

ಲೆಕ್ಕ ಸುಲಭ. ಕಪಾಟಿನ ಅಡ್ಡಗಲ 75 ಸೆಂ.ಮೀ. ಇದ್ದು ಮೂರು ಸಾಲು ಬೇಕಿದ್ದರೆ ಸಾಲಿಗೆ 25. ಕೈ ಹೋಗಿಬರಲು 2 ಸೆಂ.ಮೀ. ಕಳೆಯಿರಿ, 23 ಉಳಿಯಿತು. ಅಂದರೆ ಸುಮಾರು ಒಂದು ಗೇಣು. ಕಪಾಟಿನ ಆಳ 35 ಇದ್ದರೆ ಮಡಿಕೆಯ ಉದ್ದ 30 ಸಾಕು. ಈ 23×30 ಅಳತೆಯ ಮೇಲೆ ಉಳಿದ ಕೆಲಸವೆಲ್ಲ ನಿಂತಿದೆ.

ಮೊದಲು ಒಣಗಿದೆಯೇ ನೋಡಿ. ಬಟ್ಟೆಯ ನಡುಭಾಗ ಮುಟ್ಟಿ ಪ್ರಯೋಜನವಿಲ್ಲ, ಅದು ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಕಾಲರ್‌ನ ಮಡಿಕೆ, ಕಂಕುಳ ಹೊಲಿಗೆ, ಪ್ಯಾಂಟಿನ ಸೊಂಟಪಟ್ಟಿ, ಜೇಬಿನ ಒಳಮೂಲೆ ಇವನ್ನು ಕೆನ್ನೆಗೋ ಮುಂಗೈ ಹಿಂಭಾಗಕ್ಕೋ ತಾಗಿಸಿ. ತಣ್ಣಗೆ ಅನ್ನಿಸಿದರೆ ಅಲ್ಲಿ ಇನ್ನೂ ತೇವವಿದೆ. ಅಷ್ಟು ಪಸೆ ಸಾಕು, ಮಡಚಿ ಪೇರಿಸಿದ ಮೇಲೆ ಗಾಳಿಯಾಡದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅದು ಪಕ್ಕದ ಬಟ್ಟೆಗೂ ದಾಟುತ್ತದೆ.

ಹಗ್ಗದಲ್ಲಿ ಒಣಗಿದ ಹತ್ತಿ ಬಟ್ಟೆ ಹಪ್ಪಳದಂತೆ ಬಿರುಸಾಗುವುದಕ್ಕೂ ಕಾರಣವಿದೆ. ಎಳೆಗಳ ಮೈಗೆ ಅಂಟಿ ಉಳಿಯುವ ಅತಿ ತೆಳು ನೀರಿನ ಪದರವೇ ಅವನ್ನು ಒಂದಕ್ಕೊಂದು ಅಂಟಿನಂತೆ ಹಿಡಿದಿರುತ್ತದೆ ಎಂದು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯ ಮತ್ತು ಕಾವೋ ಕಂಪನಿಯ ಸಂಶೋಧಕರು 2020ರಲ್ಲಿ ತೋರಿಸಿಕೊಟ್ಟರು. ಆ ಹಿಡಿತ ಬಿಡಿಸಲು ಭುಜದ ಎರಡು ತುದಿ ಹಿಡಿದು ಎರಡು ಸಲ ಜೋರಾಗಿ ಕೊಡವಿ, ಆಮೇಲೆ ಪಕ್ಕದ ಹೊಲಿಗೆಗಳನ್ನು ಉದ್ದಕ್ಕೆ ಒಮ್ಮೆ ಮೆತ್ತಗೆ ಎಳೆಯಿರಿ. ಟಿ-ಶರ್ಟಿನ ಅರ್ಧ ಸುಕ್ಕು ಇಲ್ಲೇ ಹೋಗುತ್ತದೆ.

ಇನ್ನು ರಟ್ಟು, ಅಂದರೆ ಪ್ರತಿ ಬಟ್ಟೆಯನ್ನೂ ಇದೇ ಅಳತೆಗೆ ಮಡಚಿಕೊಡುವ, ತುಂಡು ಜೋಡಿಸಿ ಮಾಡುವ ಹಲಗೆ. ದೊಡ್ಡ ಪೆಟ್ಟಿಗೆಯ ಅಲೆಯಲೆ ರಟ್ಟು, 4–5 ಮಿ.ಮೀ. ದಪ್ಪದ್ದಾದರೆ ಒಳ್ಳೆಯದು. ನಾಲ್ಕು ತುಂಡು ಬೇಕು: 23×60 ಸೆಂ.ಮೀ.ನ ಎರಡು, 23×30ರ ಎರಡು. ಉದ್ದ ತುಂಡುಗಳಲ್ಲಿ ರಟ್ಟಿನೊಳಗಿನ ಗೆರೆಗಳು 60ರ ಉದ್ದಕ್ಕೇ ಓಡಬೇಕು. ಅಡ್ಡಕ್ಕಿದ್ದರೆ ಎತ್ತುವಾಗ ತುಂಡು ನಡುವಿಗೆ ಬಗ್ಗುತ್ತದೆ, ಕೆಲವೇ ದಿನಕ್ಕೆ ಮುರಿಯುತ್ತದೆ. ಉದ್ದದವು ಎಡಕ್ಕೊಂದು ಬಲಕ್ಕೊಂದು, ಚಿಕ್ಕವೆರಡು ನಡುವೆ ಮೇಲೊಂದು ಕೆಳಗೊಂದು. ತುಂಡುಗಳ ನಡುವೆ 8 ಮಿ.ಮೀ. ಸಂದು ಬಿಡಿ. ಈ ಸಂದನ್ನೇ ಹೆಚ್ಚಿನವರು ಮರೆಯುತ್ತಾರೆ. ಒತ್ತೊತ್ತಾಗಿ ಅಂಟಿಸಿದರೆ ರಟ್ಟಿನ ದಪ್ಪದ ಜೊತೆಗೆ ಬಟ್ಟೆಯ ದಪ್ಪವೂ ಸೇರಿ ಹಲಗೆ ಪೂರ್ತಿ ಮಗುಚುವುದಿಲ್ಲ, ಬಟ್ಟೆಯನ್ನು ಪಕ್ಕಕ್ಕೆ ಎಳೆಯುತ್ತದೆ, ಬಲವಂತ ಮಾಡಿದರೆ ಅಂಟು ಟೇಪು ಕಿತ್ತುಬರುತ್ತದೆ.

5 ಸೆಂ.ಮೀ. ಅಗಲದ ಟೇಪನ್ನು ಎರಡೂ ಮೈಗೆ ಹಚ್ಚಿ, ಸಂದಿನಲ್ಲಿ ಎರಡು ಟೇಪೂ ಒಂದಕ್ಕೊಂದು ಅಂಟುವಂತೆ ಉಗುರಿನಿಂದ ಒತ್ತಿ. ಅದೇ ಕೀಲು. ಎಡಬಲದ ಹಲಗೆಗಳನ್ನು ನಡುವಿನ ಮೇಲ್ತುಂಡಿಗೆ ಮಾತ್ರ ಜೋಡಿಸಿ. ಕೆಳತುಂಡಿನ ಮೇಲಂಚನ್ನು ಮೇಲ್ತುಂಡಿನ ಕೆಳಂಚಿಗೆ ಅಂಟಿಸಿ. ಕೆಳತುಂಡಿನ ಎಡಬಲಕ್ಕೆ ಟೇಪು ತಾಗಲೇಬಾರದು, ತಾಗಿದರೆ ಕೊನೆಯ ಮಡಿಕೆ ಏಳುವುದೇ ಇಲ್ಲ.

ಟಿ-ಶರ್ಟನ್ನು ಬೆನ್ನು ಮೇಲಾಗಿ ಹಾಸಿ. ಕೊರಳು ನಡುತುಂಡಿನ ಮೇಲಂಚಿಗೆ ಸರಿಯಾಗಿ, ಎಡಬಲಕ್ಕೆ ಸಮವಾಗಿ ಕೂರಲಿ. ಇದು ಒಂದು ಬೆರಳು ಜರುಗಿದರೂ ಮಡಚಿದ ಮೇಲೆ ಎದೆಭಾಗ ಸೊಟ್ಟಗೆ ಕಾಣುತ್ತದೆ. ನಡುತುಂಡಿನ ಮೇಲಂಚಿನ ಮಧ್ಯಕ್ಕೆ ಪೆನ್ನಿನಿಂದ ಒಂದು ಗುರುತು ಹಾಕಿಟ್ಟರೆ ಕಣ್ಣಿಗೆ ಕೆಲಸ ಕಡಿಮೆ. ಕೆಳಗೆ ಇಳಿಬಿದ್ದ ಭಾಗವನ್ನು, 72 ಸೆಂ.ಮೀ. ಉದ್ದದ ಶರ್ಟಾದರೆ ಅದು 12 ಸೆಂ.ಮೀ., ಹಲಗೆಯ ಅಂಚಿಗೆ ಮಡಚಿ ಮೇಲೆ ಹಾಕಿ. ಪಕ್ಕದ ಹಲಗೆಯಾಚೆ ಚಾಚಿದ ತೋಳಿನ ತುದಿಗಳನ್ನೂ ಹಲಗೆಯ ಮೇಲಕ್ಕೇ ತಿರುಗಿಸಿ. ಈಗ ಬಲ ಹಲಗೆ ಮಗುಚಿ, ವಾಪಸ್ ಬಿಡಿಸಿ. ಎಡ ಹಲಗೆ ಮಗುಚಿ, ವಾಪಸ್ ಬಿಡಿಸಿ. ಕೊನೆಗೆ ಕೆಳತುಂಡನ್ನು ಮೇಲಕ್ಕೆ. ಪ್ರತಿ ಸಲವೂ ಮಗುಚಿದ ಹಲಗೆಯ ಮೇಲೆ ಅಂಗೈ ಒಮ್ಮೆ ಒತ್ತಿ ಆಮೇಲೆ ಬಿಡಿಸಬೇಕು. ಅವಸರದಲ್ಲಿ ಬೀಸಿದರೆ ಹಲಗೆಯ ಗಾಳಿಗೇ ತೋಳು ಹಾರಿ ಒಳಗೆ ಮುದುಡಿಕೊಳ್ಳುತ್ತದೆ. 14 ಟಿ-ಶರ್ಟೂ ಒಂದೇ ಅಚ್ಚಿನಿಂದ ತೆಗೆದಂತೆ ಬರುವುದನ್ನು ನೋಡುವುದೇ ಒಂದು ಸಂತೋಷ.

ಇಷ್ಟು ಮಾಡಲು ಪುರುಸೊತ್ತಿಲ್ಲದವರಿಗೆ 23×30ರ ಒಂದೇ ತುಂಡು ರಟ್ಟೂ ನಡೆಯುತ್ತದೆ. ಬೆನ್ನಿನ ಮೇಲೆ ಕೊರಳಿಗೆ ಸರಿಯಾಗಿ ಇಟ್ಟು, ಎರಡೂ ಪಕ್ಕ ಅದರ ಮೇಲೆ ಮಡಚಿ, ಕೆಳಭಾಗ ಮೇಲಕ್ಕೆ ತಂದು, ರಟ್ಟನ್ನು ಕೊರಳಿನ ಕಡೆಯಿಂದ ಜಾರಿಸಿ ತೆಗೆಯಿರಿ. ಮಕ್ಕಳ ಬಟ್ಟೆಗೆ 15×20ರದ್ದು ಬೇರೆ ಇಟ್ಟುಕೊಳ್ಳಿ.

ಎಲ್ಲಿಟ್ಟು ಮಡಚುತ್ತೀರಿ ಎಂಬುದೂ ಮುಖ್ಯ. ಮೆತ್ತನೆಯ ಹಾಸಿಗೆಯ ಮೇಲೆ ಅಂಚು ಚೂಪಾಗಿ ಕೂರುವುದಿಲ್ಲ, ಅರ್ಧ ಗಂಟೆ ಬಗ್ಗಿದರೆ ಸೊಂಟವೂ ಹಿಡಿದುಕೊಳ್ಳುತ್ತದೆ. ನಿಂತಾಗ ಮೊಣಕೈಗಿಂತ 5–10 ಸೆಂ.ಮೀ. ಕೆಳಗೆ ಬರುವ ಗಟ್ಟಿ ಮೇಜು ಸರಿ.

ಅಂಗಿಗೆ ಕಾಲರ್ ಗುಂಡಿ, ಮೂರನೆಯದು, ಕೊನೆಯದು ಈ ಮೂರನ್ನಾದರೂ ಹಾಕಿ. ಹಾಕದಿದ್ದರೆ ಕಾಲರ್ ಒಂದು ಪಕ್ಕಕ್ಕೆ ಕುಸಿಯುತ್ತದೆ. ಉದ್ದ ತೋಳನ್ನು ಪಕ್ಕದ ಮಡಿಕೆಯ ಉದ್ದಕ್ಕೇ ನೇರ ಕೆಳಗಿಳಿಸಿ. ಬೆನ್ನಿಗೆ ಅಡ್ಡ ಹಾಕಿದರೆ ಮಡಿಕೆಯ ನಡುವೆ ಉಬ್ಬು ಬರುತ್ತದೆ. ಪ್ಯಾಂಟಿನ ಎರಡು ಕಾಲು ಒಂದರ ಮೇಲೊಂದು ಇಟ್ಟಾಗ ಹಿಂಬದಿ ತ್ರಿಕೋನವಾಗಿ ಹೊರಗೆ ಚಾಚುತ್ತದಲ್ಲ, ಅದನ್ನು ಮೊದಲು ಒಳಗೆ ಮಡಚಿ ಅಂಚು ನೇರ ಮಾಡಿಕೊಳ್ಳಿ. ಆಮೇಲೆ ಕೆಳತುದಿಯನ್ನು ಸೊಂಟಪಟ್ಟಿಗಿಂತ 4 ಸೆಂ.ಮೀ. ಕೆಳಗೆ ನಿಲ್ಲಿಸಿ, ಮೂರು ಮಡಿಕೆ ಮಾಡಿ. ಪಟ್ಟಿಯ ಮೇಲೆಯೇ ತಂದಿಟ್ಟರೆ ಆ ತುದಿ ದಪ್ಪವಾಗಿ ಸಾಲು ಒಂದೇ ಕಡೆಗೆ ವಾಲುತ್ತದೆ. 70×140ರ ಟವೆಲು ಉದ್ದಕ್ಕೆ ಮೂರು ಮಡಿಕೆಗೆ ತಾನಾಗಿ 23ಕ್ಕೆ ಬರುತ್ತದೆ. ಅದನ್ನು ಅರ್ಧ ಮಾಡಿ, ಮತ್ತೆ ಮೂರು ಮಾಡಿದರೆ ಆಯಿತು.

ಇಲಾಸ್ಟಿಕ್ ಬೆಡ್‌ಶೀಟಿಗೆ ಹೆದರುವವರೇ ಹೆಚ್ಚು. ಒಳಮೈ ಹೊರಗಾಗಿರಲಿ. ಒಂದು ಚಿಕ್ಕ ಬದಿಯ ಎರಡು ಮೂಲೆಗಳೊಳಗೆ ಎರಡು ಕೈ ತೂರಿಸಿ, ಅಂಗೈಗಳನ್ನು ಹತ್ತಿರ ತಂದು, ಬಲಗೈಯ ಮೂಲೆಯನ್ನು ಎಡಗೈಯದರ ಮೇಲೆ ಟೋಪಿ ಹಾಕಿದಂತೆ ಮಗುಚಿ. ಇನ್ನೊಂದು ಬದಿಗೂ ಹಾಗೇ ಮಾಡಿ, ಕೊನೆಗೆ ಒಂದು ಜೋಡಿಯನ್ನು ಇನ್ನೊಂದರ ಮೇಲೆ. ನಾಲ್ಕೂ ಮೂಲೆ ಒಂದೇ ಕಡೆ ಸೇರಿದ ಮೇಲೆ ಮೇಜಿನ ಮೇಲೆ ಹಾಸಿದರೆ ಎರಡು ಬದಿ ನೇರವಾಗಿ, ಇನ್ನೆರಡು ಬದಿ ಇಲಾಸ್ಟಿಕ್ಕಿನಿಂದ ಸೊಟ್ಟಗೆ ಕಾಣುತ್ತವೆ. ಸೊಟ್ಟ ಬದಿಗಳನ್ನು ಒಂದೊಂದು ಗೇಣು ಒಳಗೆ ಮಡಚಿದರೆ ಆಯತ ಸಿದ್ಧ. ಕೈತಪ್ಪುವುದು ಮೂಲೆಯ ಹೊಲಿಗೆ ಬೆರಳ ತುದಿಗೆ ತಾಗದಿದ್ದಾಗ. ಬೆರಳು ಹೊಲಿಗೆಯ ಕೊನೆ ಮುಟ್ಟುವವರೆಗೆ ಮುಂದಿನ ಮೂಲೆಗೆ ಹೋಗಬೇಡಿ.

ಕಾಲುಚೀಲವನ್ನು ಉಂಡೆ ಕಟ್ಟಬೇಡಿ, ಹೊರಗಿನದರ ಇಲಾಸ್ಟಿಕ್ ಸದಾ ಹಿಗ್ಗಿಯೇ ಇದ್ದು ಸಡಿಲವಾಗುತ್ತದೆ. ಒಂದರ ಮೇಲೊಂದಿಟ್ಟು ಮೂರು ಮಡಿಕೆ ಸಾಕು.

ಪೇರಿಸುವಾಗ ಮಡಿಕೆಯ ದುಂಡು ಅಂಚು ನಿಮ್ಮ ಕಡೆಗಿರಲಿ, ಸಾಲು 25 ಸೆಂ.ಮೀ. ಎತ್ತರ ದಾಟದಿರಲಿ. ದಾಟಿದರೆ ಅಡಿಯಿಂದ ಒಂದನ್ನು ಎಳೆಯುವಾಗ ಮೇಲಿನದೆಲ್ಲ ಜೊತೆಗೇ ಬರುತ್ತದೆ. ಡ್ರಾಯರ್ ಇರುವವರು 23×30ರ ಮಡಿಕೆಯನ್ನು ಇನ್ನೊಮ್ಮೆ ಮೂರು ಮಾಡಿ 10 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಬಹುದು. ಕೈಬಿಟ್ಟ ಮೇಲೂ ತಾನೇ ನಿಂತರೆ ಮಡಿಕೆ ಸರಿ, ಬಿಚ್ಚಿಕೊಂಡು ಬಿದ್ದರೆ ಎಲ್ಲೋ ಸಡಿಲ. ರಟ್ಟಿನ ಹಲಗೆಯನ್ನು ಮಡಚಿ ಕಪಾಟಿನ ಪಕ್ಕ ನಿಲ್ಲಿಸಿಡಿ. ಟೇಪಿನ ಅಂಚು ಏಳತೊಡಗಿದ ದಿನವೇ ಮೇಲೊಂದು ಪಟ್ಟಿ ಹಚ್ಚಿ, ಬಿಟ್ಟರೆ ಅದರ ಅಂಟು ಬಟ್ಟೆಗೆ ಹತ್ತುತ್ತದೆ.