ಆತುರಪಟ್ಟರೆ ಕೀವಾಗುತ್ತದೆ: ಕಿವಿಯ ತೂತನ್ನು ಹಿಗ್ಗಿಸಿಕೊಂಡ ಮೂರು ವರ್ಷ

ನನ್ನ ತಾಯಿಯ ಮದುವೆಗೆಂದು ಮಾಡಿಸಿದ ಏಳು ಕಲ್ಲಿನ ಓಲೆಯ ತಿರುಪಿನ ಕಡ್ಡಿ ಅವರ ಕಿವಿಯ ತೂತಿಗಿಂತ ದಪ್ಪವಾಗಿತ್ತಂತೆ. ಮದುವೆಗೆ ಇನ್ನೂ ಎರಡು ತಿಂಗಳಿರುವಾಗಲೇ ಅಜ್ಜಿ ಬೇವಿನ ಕಡ್ಡಿಯೊಂದನ್ನು ತೆಳ್ಳಗೆ ಸೀಳಿ, ಸಿಬಿರು ಉಳಿಯದಂತೆ ನಯಮಾಡಿ, ಹರಳೆಣ್ಣೆ ಸವರಿ ತೂತಿಗೆ ಏರಿಸಿದರು. ನೋವು ಪೂರ್ತಿ ಇಳಿದ ಮೇಲೆ ಅದರ ಪಕ್ಕಕ್ಕೆ ಇನ್ನೊಂದು ಕಡ್ಡಿ, ಮತ್ತಷ್ಟು ದಿನ ಬಿಟ್ಟು ಮೂರನೆಯದು. ಮದುವೆಯ ದಿನ ಓಲೆ ತಾನಾಗಿ ಒಳಗೆ ಹೋಯಿತು. ನನ್ನ ಕಿವಿಯ ಹಾಲೆಯನ್ನು ಹಿಗ್ಗಿಸಿಕೊಳ್ಳುವ ಯೋಚನೆಯನ್ನು ಮೂರು ವರ್ಷಗಳ ಹಿಂದೆ ಅಜ್ಜಿಗೆ ತಿಳಿಸಿದಾಗ, ಬೈಗುಳ ಕಾದಿದ್ದ ನನಗೆ ಸಿಕ್ಕಿದ್ದು ಒಂದೇ ಮಾತು: "ಆತುರ ಪಟ್ರೆ ಕೀವಾಯ್ತದೆ ಮಗಾ." ನಾನು ಆ ಮಾತನ್ನು ಒಮ್ಮೆ ಮೀರಿದೆ. ಅದರ ಕಥೆ ಮುಂದೆ ಬರುತ್ತದೆ.

ನಗರದ ಹುಡುಗರು ಎಲ್ಲಿಂದಲೋ ತಂದ ಹುಚ್ಚು ಇದು ಎಂದು ಭಾವಿಸುವವರು ನಮ್ಮ ಭಾಷೆಯನ್ನೇ ಒಮ್ಮೆ ಗಮನಿಸಬೇಕು. ಓಲೆ ಎಂದರೆ ತಾಳೆಯ ಗರಿಯೂ ಹೌದು, ಕಿವಿಯ ಒಡವೆಯೂ ಹೌದು. ಸುರುಳಿ ಸುತ್ತಿದ ಗರಿಯನ್ನು ತೂತಿನೊಳಗೆ ಇಟ್ಟರೆ ಅದು ಬಿಚ್ಚಿಕೊಳ್ಳಲು ಹವಣಿಸುತ್ತಾ ಹಾಲೆಯನ್ನು ಎಲ್ಲ ಕಡೆಗೂ ಸಮನಾಗಿ ಒತ್ತುತ್ತದೆ. ತೂಗುವ ಭಾರವಿಲ್ಲ, ಚೂಪು ತುದಿಯಿಲ್ಲ; ಇಷ್ಟು ಮೃದುವಾದ ಸಾಧನವನ್ನು ಇಂದಿನ ಅಂಗಡಿಗಳಲ್ಲಿಯೂ ನಾನು ಕಂಡಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ಮದನಿಕೆಯರ ಕಿವಿಗಳನ್ನು ಹತ್ತಿರದಿಂದ ನೋಡಿದವರಿಗೆ ಅಲ್ಲಿನ ದೊಡ್ಡ ದೊಡ್ಡ ಕರ್ಣಾಭರಣಗಳು ನೆನಪಿರಬಹುದು. ತಮಿಳುನಾಡಿನ ದಕ್ಷಿಣದ ಹಳ್ಳಿಗಳಲ್ಲಿ ಪಾಂಬಡಂ ಎಂಬ ಭಾರದ ಓಲೆ ಧರಿಸಿ ಹಾಲೆ ಭುಜದವರೆಗೆ ಇಳಿದ ವೃದ್ಧೆಯರು ಈಚಿನವರೆಗೂ ಇದ್ದರು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಬಹುಪಾಲು ಕಿವಿಗೆ ಮೀಸಲು. ಮಗುವಿನ ಕಿವಿಯನ್ನು ಬಿಸಿಲಿಗೆ ಹಿಡಿದು, ಬೆಳಕು ಹಾಯುವ ಜಾಗದಲ್ಲಿ ಚುಚ್ಚಬೇಕು; ಗಂಡಾದರೆ ಮೊದಲು ಬಲಗಿವಿ, ಹೆಣ್ಣಾದರೆ ಎಡಗಿವಿ; ಬಳಿಕ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿಯನ್ನು ಇಟ್ಟು, ಮೂರು ಮೂರು ದಿನಕ್ಕೊಮ್ಮೆ ಇನ್ನಷ್ಟು ದಪ್ಪದ ಬತ್ತಿಗೆ ಬದಲಿಸಬೇಕು ಎಂಬ ಕ್ರಮ ಅಲ್ಲಿದೆ. ಹರಿದ ಹಾಲೆಯನ್ನು ಜೋಡಿಸುವ ಹದಿನೈದು ಬಗೆಗಳೂ ಅದೇ ಅಧ್ಯಾಯದಲ್ಲಿ ಬರುತ್ತವೆ. ಹಿಗ್ಗಿಸುವ ವಿಧಾನ ಮತ್ತು ಹರಿದದ್ದನ್ನು ಕೂಡಿಸುವ ವಿಧಾನ ಒಂದೇ ಕಡೆ ಇರುವುದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಆದರೆ ಮೂರು ದಿನದ ಲೆಕ್ಕ ಹಸುಗೂಸಿನ ಹಸಿ ಗಾಯಕ್ಕೆ ಹೇಳಿದ್ದು. ವರ್ಷಗಳ ಹಿಂದೆಯೇ ಮಾಗಿದ ತೂತನ್ನು ಹಿಗ್ಗಿಸುವ ವಯಸ್ಕರು ಅದನ್ನು ಅನುಸರಿಸಬಾರದು.

ಏಕೆ ಅನುಸರಿಸಬಾರದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಾಗಿದ ತೂತು ಎಂದರೆ ಒಳಗೋಡೆಗೆ ಚರ್ಮ ಬೆಳೆದುಕೊಂಡ ಒಂದು ಪುಟ್ಟ ಕೊಳವೆ. ಸ್ವಲ್ಪವೇ ದಪ್ಪದ ಒಡವೆ ಒಳಗೆ ಹೋದಾಗ ಆ ಚರ್ಮ ಮೊದಲು ಹಿಗ್ಗುತ್ತದೆ, ಅನಂತರ ವಾರಗಟ್ಟಲೆ ಹೊಸ ಅಂಗಾಂಶವನ್ನು ಬೆಳೆಸಿಕೊಂಡು ಆ ಅಳತೆಗೆ ಹೊಂದಿಕೊಳ್ಳುತ್ತದೆ. ಹಿಗ್ಗುವ ಮಿತಿಯನ್ನು ದಾಟಿದರೆ ಕೊಳವೆಯ ಗೋಡೆ ಸಣ್ಣದಾಗಿ ಬಿರಿಯುತ್ತದೆ, ಬಿರಿದಲ್ಲಿ ಕಲೆಯ ಅಂಗಾಂಶ ಕಟ್ಟುತ್ತದೆ, ಮತ್ತು ಕಲೆಯ ಅಂಗಾಂಶಕ್ಕೆ ಹಿಗ್ಗುವ ಗುಣ ಕಡಿಮೆ. ಹಾಗಾಗಿ ಇಂದು ಅವಸರಪಟ್ಟವರಿಗೆ ಮುಂದಿನ ಅಳತೆ ಇನ್ನಷ್ಟು ಕಷ್ಟವಾಗುತ್ತದೆ. ನೋವು, ರಕ್ತ, ಬಿಗಿತ ಇವು ಹಿಗ್ಗಿಸುವುದರ ಸಹಜ ಭಾಗವೆಂದು ಹೇಳುವವರ ಮಾತನ್ನು ನಂಬಬೇಡಿ. ಸರಿಯಾಗಿ ಮಾಡಿದರೆ ಕೆಲವು ಗಂಟೆಗಳ ಕಾಲ ಕಿವಿ ಸ್ವಲ್ಪ ಬೆಚ್ಚಗಿರುತ್ತದೆ, ಅಷ್ಟೇ.

ಅಳತೆಯ ವಿಚಾರದಲ್ಲಿ ಅನೇಕರು ಎಡವುತ್ತಾರೆ. ಮಾಮೂಲಿ ಓಲೆಗೆಂದು ಚುಚ್ಚಿಸಿದ ತೂತು 0.8ರಿಂದ 1 ಮಿ.ಮೀ. ಇರುತ್ತದೆ. ಅಲ್ಲಿಂದ ಮುಂದಿನ ಅಳತೆಗಳನ್ನು ಗೇಜ್ ಎಂಬ ತಲೆಕೆಳಗಾದ ಸಂಖ್ಯೆಯಲ್ಲಿ ಹೇಳುವುದು ರೂಢಿ: 16 ಗೇಜ್ ಎಂದರೆ ಸುಮಾರು 1.2 ಮಿ.ಮೀ., 14 ಎಂದರೆ 1.6, 8 ಎಂದರೆ ಸುಮಾರು 3, 4 ಎಂದರೆ 5, 0 ಎಂದರೆ 8. ಸಂಖ್ಯೆ ಇಳಿದಂತೆ ತೂತು ದೊಡ್ಡದಾಗುತ್ತದೆ, ಜೊತೆಗೆ ಮೆಟ್ಟಿಲುಗಳ ಎತ್ತರವೂ ಹೆಚ್ಚುತ್ತದೆ. 1.2ರಿಂದ 1.6ಕ್ಕೆ ಹೋಗುವಾಗ ತೂತಿನ ಸುತ್ತಳತೆ ಒಂದೂಕಾಲು ಮಿಲಿಮೀಟರಿನಷ್ಟು ಹೆಚ್ಚಿದರೆ, 6ರಿಂದ 8ಕ್ಕೆ ಹೋಗುವಾಗ ಅದು 18.8ರಿಂದ 25.1ಕ್ಕೆ, ಎಂದರೆ ಆರು ಮಿಲಿಮೀಟರಿಗೂ ಮಿಕ್ಕಿ ಹೆಚ್ಚುತ್ತದೆ. ಅಷ್ಟು ಚರ್ಮವನ್ನು ಹಾಲೆ ಒಂದು ದಿನದಲ್ಲಿ ಎಲ್ಲಿಂದ ತರಬೇಕು? ಆದ್ದರಿಂದ ಗೇಜನ್ನು ಮರೆತು ಮಿಲಿಮೀಟರಿನಲ್ಲಿಯೇ ಯೋಚಿಸಿ, 5ರ ಬಳಿಕ 7, 9ರಂತಹ ನಡುವಿನ ಅಳತೆಗಳನ್ನೂ ಬಿಡದೆ ಕೊಳ್ಳುವುದು ಒಳ್ಳೆಯದು. ಹೊಸದಾಗಿ ಚುಚ್ಚಿಸಿದ ಕಿವಿಯಾದರೆ ಆರು ತಿಂಗಳಾದರೂ ಕಾಯಬೇಕು. ಒಂದು ಅಳತೆಯಿಂದ ಇನ್ನೊಂದಕ್ಕೆ ನಾನು ಮೊದಮೊದಲು ಎರಡು ತಿಂಗಳು, 6 ಮಿ.ಮೀ. ದಾಟಿದ ಮೇಲೆ ಮೂರರಿಂದ ನಾಲ್ಕು ತಿಂಗಳು ಬಿಟ್ಟಿದ್ದೇನೆ.

ಈಗ ನನ್ನ ತಪ್ಪಿನ ಕಥೆ. 5 ಮಿ.ಮೀ. ಹಾಕಿ ಆರು ವಾರವೂ ಆಗಿರಲಿಲ್ಲ. ಸೋದರಮಾವನ ಮಗಳ ಮದುವೆಗೆ ಹೊಸ ಪ್ಲಗ್ (ಹಿಗ್ಗಿಸಿದ ತೂತಿನೊಳಗೆ ಕೂರುವ ದುಂಡನೆಯ ಒಡವೆ) ಹಾಕಿಕೊಂಡು ಹೋಗಬೇಕೆಂಬ ಆಸೆಯಿಂದ, ಟೇಪರ್ ಎನ್ನುವ ಶಂಕುವಿನಾಕಾರದ ಕಡ್ಡಿಗೆ ಎಣ್ಣೆ ಹಚ್ಚಿ ಬಲಗಿವಿಗೆ ನೂಕಿದೆ. ಮುಕ್ಕಾಲು ಭಾಗ ಹೋಗಿ ನಿಂತಿತು. ಅಲ್ಲಿಗೆ ಬಿಡಬೇಕಿತ್ತು, ಬಿಡಲಿಲ್ಲ, ಹಲ್ಲು ಕಚ್ಚಿ ಒತ್ತಿದೆ. ಮರುದಿನ ಬೆಳಿಗ್ಗೆ ಎರಡು ಕನ್ನಡಿಗಳನ್ನು ಎದುರುಬದುರು ಹಿಡಿದು ನೋಡಿದರೆ, ತೂತಿನ ಹಿಂಬದಿಯಲ್ಲಿ ಹೊರಮಗುಚಿದ ತುಟಿಯಂತೆ ಕೆಂಪನೆಯ ತೇವದ ಉಂಗುರವೊಂದು ಎದ್ದಿತ್ತು. ಬ್ಲೋಔಟ್ ಎನ್ನುವುದು ಇದನ್ನೇ: ಮುಂದಿನಿಂದ ನೂಕಿದ ಒಡವೆ ಕೊಳವೆಯ ಒಳಚರ್ಮವನ್ನು ತನ್ನ ಜೊತೆಗೆ ಹಿಂಬದಿಗೆ ತಳ್ಳಿಕೊಂಡು ಬರುತ್ತದೆ. ಹಾಗೆಯೇ ಬಿಟ್ಟರೆ ಆ ಉಂಗುರ ಗಟ್ಟಿಯಾಗಿ ಶಾಶ್ವತವಾಗಿ ಉಳಿಯುತ್ತದೆ. ಅದೇ ದಿನ ಪ್ಲಗ್ ತೆಗೆದು, 5ಕ್ಕೂ ಅಲ್ಲ, 4 ಮಿ.ಮೀ.ಗೆ ಇಳಿದೆ. ಮದುವೆಗೆ ಆ ಪುಟ್ಟ ಒಡವೆಯಲ್ಲಿಯೇ ಹೋದೆ. ಊತ ಇಳಿದು ಗಾಯ ಮಾಗಲು ಐದು ವಾರ, ಬಳಿಕ ದಿನಾ ಎಣ್ಣೆಯಲ್ಲಿ ನೀವುತ್ತಾ ಮೂರು ತಿಂಗಳು. ಮತ್ತೆ ಹಿಗ್ಗಿಸುವಾಗ ಪ್ಲಗ್ಗನ್ನು ಹಿಂಬದಿಯಿಂದ ಮುಂದಕ್ಕೆ ಏರಿಸಿದೆ. ಅಂಚು ಬಹುಮಟ್ಟಿಗೆ ಒಳಗೆ ಸರಿಯಿತು, ಆದರೆ ಬೆರಳಾಡಿಸಿದರೆ ಇಂದಿಗೂ ಒಂದು ದಾರದಷ್ಟು ದಪ್ಪದ ಗೆರೆ ಸಿಗುತ್ತದೆ.

ಅಂದಿನಿಂದ ಟೇಪರ್ ಮುಟ್ಟಿಲ್ಲ. ಅದು ಮೊನಚಿನಿಂದ ಆರಂಭವಾಗಿ ದಪ್ಪವಾಗುವುದರಿಂದ, ಕಿವಿ ಸಿದ್ಧವಿಲ್ಲದಿದ್ದರೂ ಒಳಗೆ ಹೋಗಿಬಿಡುತ್ತದೆ. ಅದರ ದೋಷವೇ ಅದು. ನನಗೆ ಹೊಂದಿದ್ದು ನಲ್ಲಿ ಕೆಲಸದವರು ಬಳಸುವ ಬಿಳಿಯ ಟೆಫ್ಲಾನ್ ಟೇಪು. ಅಂಟಿಲ್ಲದ, ನಯವಾದ ಈ ಪಟ್ಟಿಯ ಹೊಸ ಸುರುಳಿಯೊಂದನ್ನು ಇದಕ್ಕೆಂದೇ ತೆಗೆದಿಟ್ಟು, ಸದ್ಯದ ಪ್ಲಗ್ಗಿಗೆ ಒಂದು ಸುತ್ತು ಬಿಗಿಯಾಗಿ ಸುತ್ತಿ, ಬಿಸಿನೀರಿನ ಸ್ನಾನದ ನಂತರ ಹಾಲೆ ಮೆತ್ತಗಿರುವಾಗ ಎಣ್ಣೆ ಸವರಿ ಒಳಗಿಡುತ್ತೇನೆ. ಹತ್ತು ದಿನ ಬಿಟ್ಟು ಇನ್ನೊಂದು ಸುತ್ತು. ಅಜ್ಜಿಯ ಕಡ್ಡಿಗಳದ್ದೂ ಇದೇ ಲೆಕ್ಕವಲ್ಲವೇ? ಕರೆಂಟು ಕೆಲಸದ ಬಣ್ಣದ ಟೇಪನ್ನು ಮಾತ್ರ ಬಳಸಬಾರದು, ಅದರ ಅಂಟು ಚರ್ಮಕ್ಕೆ ಆಗುವುದಿಲ್ಲ. ಯಾವ ಹಂತದಲ್ಲಿಯೇ ಆಗಲಿ, ಪ್ಲಗ್ ಬೆರಳಿನ ಹಗುರ ಒತ್ತಿಗೆ ಜಾರದಿದ್ದರೆ ಆ ದಿನ ಹಿಗ್ಗಿಸುವ ದಿನವಲ್ಲ.

ಆರೈಕೆಯಲ್ಲಿ ಮಾಡುವುದಕ್ಕಿಂತ ಮಾಡದೆ ಬಿಡುವುದೇ ಹೆಚ್ಚು. ಹಿಗ್ಗಿಸಿದ ಮೊದಲ ವಾರ ಔಷಧದಂಗಡಿಯ 0.9 ಶೇಕಡಾ ಸಲೈನಿನಿಂದ ದಿನಕ್ಕೆರಡು ಬಾರಿ ತೊಳೆದರೆ ಸಾಕು. ಮನೆಯಲ್ಲಿ ಕಲಸುವ ಉಪ್ಪುನೀರು ಬಹುತೇಕ ಸಲ ಉಪ್ಪು ಹೆಚ್ಚಾಗಿಯೇ ಆಗುತ್ತದೆ. ಸ್ಪಿರಿಟ್, ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಇವು ಹೊಸ ಅಂಗಾಂಶವನ್ನು ಒಣಗಿಸಿ ಸುಡುತ್ತವೆ. ಅರಿಶಿನದ ಬಗೆಗೆ ನಮ್ಮ ಮನೆಯಲ್ಲಿ ಭಕ್ತಿಯೇ ಇದೆ, ಆದರೂ ಅದರ ಪುಡಿ ತೂತಿನೊಳಗೆ ಗಟ್ಟಿಕಟ್ಟಿ ಕೂರುವುದನ್ನು ಕಂಡ ಮೇಲೆ ನಾನು ಬಿಟ್ಟೆ. ಎಣ್ಣೆಯ ನೀವುವಿಕೆ ಗಾಯವಿಲ್ಲದ ಕಿವಿಗೆ ಮಾತ್ರ. ಮಾಗಿದ ಬಳಿಕ ಸ್ನಾನದ ಹೊತ್ತಿನಲ್ಲಿ ಪ್ಲಗ್ ತೆಗೆದು, ಎರಡು ಹನಿ ಕೊಬ್ಬರಿ ಎಣ್ಣೆಯಲ್ಲಿ ಹೆಬ್ಬೆರಳು ತೋರುಬೆರಳುಗಳ ನಡುವೆ ಹಾಲೆಯನ್ನು ಐದು ನಿಮಿಷ ನೀವಿದರೆ ರಕ್ತಸಂಚಾರ ಹೆಚ್ಚಿ ಅಂಚು ತೆಳುವಾಗದೆ ಉಳಿಯುತ್ತದೆ. ಪ್ಲಗ್ ತೆಗೆದಾಗ ಹಳಸಿದ ಬೆಣ್ಣೆಯಂಥ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ, ಅದು ಚರ್ಮದ ಜಿಡ್ಡು ಮತ್ತು ಸತ್ತ ಜೀವಕೋಶಗಳದ್ದು. ಕಿವಿಯನ್ನೂ ಪ್ಲಗ್ಗನ್ನೂ ದಿನಾ ಸೋಪಿನಲ್ಲಿ ತೊಳೆಯಬೇಕು. ಆದರೆ ಕೀವು, ಹರಡುವ ಕೆಂಪು, ಜ್ವರ ಕಂಡರೆ ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡಬಾರದು. ಮೈಮೇಲೆ ಗಾಯ ಮಾಗಿದ ಕಡೆಯೆಲ್ಲ ಗಂಟಾಗಿ ಬೆಳೆಯುವ ಕೆಲಾಯ್ಡ್ ಸ್ವಭಾವದವರು ಈ ಕೆಲಸಕ್ಕೆ ಇಳಿಯದಿರುವುದೇ ಲೇಸು.

ಹಿಗ್ಗಿಸುವ ಹೊತ್ತಿಗೆ ಇಂಪ್ಲಾಂಟ್ ದರ್ಜೆಯ ಟೈಟಾನಿಯಂ ಅಥವಾ ಗಾಜು, ಇವೆರಡನ್ನು ಬಿಟ್ಟು ನಾನು ಬೇರೇನನ್ನೂ ಶಿಫಾರಸು ಮಾಡುವುದಿಲ್ಲ. ಗಿಲೀಟಿನ ಒಡವೆಯಲ್ಲಿ ನಿಕಲ್ ಇರುತ್ತದೆ, ಅಕ್ರಿಲಿಕ್ಕಿನಲ್ಲಿ ಕಣ್ಣಿಗೆ ಕಾಣದ ಗೀರುಗಳಲ್ಲಿ ಕೊಳೆ ಸೇರುತ್ತದೆ, ಸಿಲಿಕೋನ್ ಹಸಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಮೊದಲಿಗೆ ಒಂದೇ ಬದಿ ಅಗಲವಾದ ಪ್ಲಗ್ ಇರಲಿ. ಎರಡೂ ಬದಿ ಅಗಲವಾದದ್ದನ್ನು ತೂರಿಸಲು ತೂತು ಅದರ ಅಳತೆಗಿಂತ ದೊಡ್ಡದಾಗಿರಬೇಕಾಗುತ್ತದೆ. ಮರದ ಪ್ಲಗ್ ಪೂರ್ತಿ ಮಾಗಿದ ಕಿವಿಗೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಒಬ್ಬರಲ್ಲಿ ನಾನು 9 ಮಿ.ಮೀ.ನ ಜೋಡಿಯೊಂದನ್ನು ಮಾಡಿಸಿದ್ದೇನೆ. ಅವರು ಕ್ಯಾಲಿಪರನ್ನು ಬದಿಗಿಟ್ಟು, ನನ್ನ ಗಾಜಿನ ಪ್ಲಗ್ಗನ್ನೇ ಬೆರಳುಗಳ ನಡುವೆ ಹೊರಳಿಸಿ ಅಂದಾಜು ಮಾಡಿಕೊಂಡು, ಒಂದೇ ಯತ್ನದಲ್ಲಿ ಸರಿಯಾದ ಅಳತೆಗೆ ಕಡೆದು ಕೊಟ್ಟರು. ಅಲ್ಲಿನ ಬೊಂಬೆಯ ಮರಕ್ಕೂ ಹಾಲೆಯೆಂದೇ ಹೆಸರು, ಹಾಲೆಗೆ ಹಾಲೆ! ನೀರು ಕುಡಿದರೆ ಮರ ಉಬ್ಬುವುದರಿಂದ ಸ್ನಾನಕ್ಕೆ ಮುಂಚೆ ತೆಗೆದಿಡುತ್ತೇನೆ.

ಬೆಂಗಳೂರಿನಲ್ಲಿ ಬೈಕು ಓಡಿಸುವವರಿಗೆ ಇನ್ನೊಂದು ಮಾತು. ಹೆಲ್ಮೆಟ್ ಕಳಚುವಾಗ ಅದರ ಸ್ಪಂಜು ಪ್ಲಗ್ಗಿನ ಅಂಚಿಗೆ ಸಿಕ್ಕಿ ಎಳೆಯುತ್ತದೆ. ಎರಡೂ ಬದಿಯ ಪಟ್ಟಿಗಳನ್ನು ಹೊರಕ್ಕೆ ಅಗಲಿಸಿ ಎತ್ತುವ ಅಭ್ಯಾಸ ಮಾಡಿಕೊಳ್ಳಬೇಕು.

ಬೇಡವೆನಿಸಿದರೆ ತೂತು ಮುಚ್ಚುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. 5–6 ಮಿ.ಮೀ.ವರೆಗೆ, ನಿಧಾನವಾಗಿ ಹಿಗ್ಗಿಸಿದ್ದರೆ, ಬಹಳಷ್ಟು ಕಿವಿಗಳು ಮಾಮೂಲಿ ಓಲೆ ನಿಲ್ಲುವಷ್ಟಕ್ಕೆ ಕುಗ್ಗುತ್ತವೆ. 8–10 ದಾಟಿದ ಮೇಲೆ ಮರಳುವ ಭರವಸೆಯಿಲ್ಲ, ಹೊಲಿಸಬೇಕಾಗುತ್ತದೆ. ಭಾರದ ಓಲೆಗೆ ಹರಿದ ಕಿವಿಗಳನ್ನು ನಮ್ಮ ಪ್ಲಾಸ್ಟಿಕ್ ಸರ್ಜನ್ನರು ಸದಾ ಹೊಲಿಯುತ್ತಿರುತ್ತಾರೆ. ಕಿವಿಗಷ್ಟೇ ಅರಿವಳಿಕೆ ಕೊಟ್ಟು ಮಾಡುವ ಸಣ್ಣ ಶಸ್ತ್ರಚಿಕಿತ್ಸೆ ಅದು. ಮತ್ತೆ ಚುಚ್ಚಿಸಲು ಕೆಲವು ತಿಂಗಳು ಕಾಯಬೇಕು, ಅದೂ ಹೊಲಿಗೆಯ ಗೆರೆಯನ್ನು ತಪ್ಪಿಸಿ.

ಸದ್ಯಕ್ಕೆ ನನ್ನ ಎಡಗಿವಿ 10ರಲ್ಲಿ ನಿಂತಿದೆ, ಬಲಗಿವಿ 9ರಲ್ಲಿ. ಅವೆರಡೂ ಜೋಡಿಯಲ್ಲವೆಂದು ಗುರುತಿಸಿದವರು ಅಜ್ಜಿ ಒಬ್ಬರೇ. ಕಳೆದ ಯುಗಾದಿಗೆ ಊರಿಗೆ ಹೋದಾಗ ಬಲಗಿವಿಯನ್ನು ಹಿಂದಕ್ಕೆ ಮಡಿಸಿ, ಬೆರಳಿನಿಂದ ಆ ಗೆರೆಯನ್ನು ಸವರಿ ನೋಡಿ, "ಇದುಕ್ಕೆ ಇನ್ನೊಂದಾರು ತಿಂಗಳು ಏನೂ ಮಾಡ್ಬೇಡ" ಎಂದರು. ಅದಾಗಿ ನಾಲ್ಕು ತಿಂಗಳಾಗಿದೆ.